ಗದ್ದುಗೆ ತೆರೆಯದ ಬೆಳಿಗ್ಗೆ

ನಮ್ಮ ಮನೆಯಲ್ಲಿ ಬೆಳಗಿನ ಕೆಲಸಗಳಿಗೆ ಒಂದು ಕ್ರಮವಿದೆ. ಅದನ್ನು ನಾನು ಮಾಡಿದ್ದಲ್ಲ. ಅತ್ತೆಯ ಸೊಂಟ, ಅತ್ತೆಯ ಸಕ್ಕರೆ ಕಾಯಿಲೆ, ಅತ್ತೆಯ ನೇಮ ಮೂರೂ ಸೇರಿ ಮಾಡಿದ್ದು. ಎದ್ದ ಕೂಡಲೇ ಅವರಿಗೆ ಮುಖ ತೊಳೆಸಿ, ಮೈ ಒರೆಸಿ, ಸೀರೆ ಬದಲಿಸಬೇಕು. ಹಾಸಿಗೆಯ ಮೇಲೆಯೇ ದಿಂಬಿಗೆ ಒರಗಿ ಕೂತು ಅವರು ವಿಭೂತಿ ಧರಿಸಿ ಇಷ್ಟಲಿಂಗ ಪೂಜೆ ಮಾಡಿಕೊಳ್ಳುತ್ತಾರೆ. ಅದು ಮುಗಿದ ಮೇಲೆ ನಾನು ಇನ್ಸುಲಿನ್ ಸೂಜಿ ಹಾಕುತ್ತೇನೆ. ಆಮೇಲೆ ಅವರು ಪಕ್ಕದ ಸ್ಟೂಲಿನ ಮೇಲಿರುವ ಹಳೆಯ ಲ್ಯಾಪ್‌ಟಾಪಿನ ಒಂದು ಗುಂಡಿ ಒತ್ತುತ್ತಾರೆ. ಹಾವೇರಿ ಕಡೆಯ ಅವರ ಊರಿನ ಮಠದ ಗದ್ದುಗೆ, ಅಂದರೆ ಹಿಂದಿನ ಗುರುಗಳ ಸಮಾಧಿ, ಪರದೆಯ ಮೇಲೆ ಬರುತ್ತದೆ. ಅಲ್ಲಿ ಮಂಗಳಾರತಿ ಮುಗಿಯುವ ಹೊತ್ತಿಗೆ ಇಲ್ಲಿ ನಾನು ತಿಂಡಿ ತಟ್ಟೆ ತರುತ್ತೇನೆ. ಸೂಜಿ ಹಾಕಿದ ಮೇಲೆ ಎಷ್ಟು ಹೊತ್ತು ಬಿಟ್ಟು ತಿನ್ನಿಸಬೇಕೆಂದು ಡಾಕ್ಟರು ಹೇಳಿದ್ದಾರೋ ಅಷ್ಟೇ ಹೊತ್ತು ಆ ಪೂಜೆಗೂ ಹಿಡಿಯುತ್ತದೆ. ಇದನ್ನು ಶಿವನೇ ಹೊಂದಿಸಿಕೊಟ್ಟ ಅನುಕೂಲ ಎಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದೆ.

ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ಬಂದ ಮೇಲೆ ಅತ್ತೆ ಈ ನೇಮ ತೊಟ್ಟರು. ಅಲ್ಲಿಯವರೆಗೆ ಶ್ರಾವಣ ಬಂತೆಂದರೆ ಯಾರ ಜೊತೆಗಾದರೂ ಬಸ್ಸು ಹತ್ತಿ ಮಠಕ್ಕೆ ಹೋಗಿಬರುತ್ತಿದ್ದರು. ಇನ್ನು ಅದು ಆಗದ ಮಾತು ಎಂದು ಗೊತ್ತಾದ ದಿನ ಅವರು ಅಳಲಿಲ್ಲ. "ಕಾಲು ಹ್ವಾದವು, ಕಣ್ಣರ ಅದಾವಲ್ಲ. ದಿನಾ ಗದ್ದುಗಿ ನೋಡಿನ ಬಾಯಾಗ ತುತ್ತು ಇಡತೀನಿ" ಎಂದರು. ಮಠದವರು ಅಷ್ಟರಲ್ಲಿ ಬೆಳಗಿನ ಪೂಜೆಯನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸಲು ಶುರು ಮಾಡಿದ್ದರು. ಮೊದಲು ಫೋನಿನಲ್ಲಿ ತೋರಿಸಿ ನೋಡಿದೆವು. ಪೊರೆ ತೆಗೆಸಿದ ಕಣ್ಣಿಗೆ ಅದು ಸಾಲಲಿಲ್ಲ. ಜೊತೆಗೆ ಆರತಿಯ ಮಧ್ಯೆ ಯಾರಾದರೂ ಫೋನ್ ಮಾಡಿ ಸಾಲ ಬೇಕೇ ಎಂದು ಕೇಳುತ್ತಿದ್ದರು.

ಆಗ ನನ್ನ ಮಗಳು, ಕೆಂಗೇರಿಗೆ ಮದುವೆಯಾಗಿ ಹೋದವಳು, ತನ್ನ ಹಳೆಯ ಲ್ಯಾಪ್‌ಟಾಪು ತಂದು ಅಜ್ಜಿಗೆ ಹೊಂದಿಸಿಕೊಟ್ಟಳು. ಅದರೊಳಗೆ ಒಂದು ಸಣ್ಣ ಸ್ಕ್ರಿಪ್ಟ್ ಬರೆದಳು. ಸ್ಕ್ರಿಪ್ಟ್ ಎಂದರೆ ದೊಡ್ಡದೇನಲ್ಲ, ಯಂತ್ರಕ್ಕೆ ಮಾಡುವ ಅಪ್ಪಣೆ. 'ಮಠದ ಪುಟ ಇದು, ಬ್ರೌಸರಿನಲ್ಲಿ ತೆಗೆದು ತೋರಿಸು' ಎನ್ನುವುದಷ್ಟೇ ಅದರಲ್ಲಿ ಇರುವುದು ಎಂದು ಅವಳೇ ಹೇಳಿದ್ದು. ಮೇಲಿನ ಸಾಲಿನ ಒಂದು ಗುಂಡಿ ಒತ್ತಿದರೆ ಆ ಅಪ್ಪಣೆ ನಡೆಯುತ್ತದೆ. ಗುಂಡಿಯ ಗುರುತಿಗೆ ನಾನು ನನ್ನದೊಂದು ಸ್ಟಿಕ್ಕರ್ ಬಿಂದಿ ಅಂಟಿಸಿದೆ. ನೀರಿಗೆ, ಹೊದಿಕೆಗೆ, ಬೆಡ್‌ಪ್ಯಾನಿಗೆ, ಮಗ್ಗುಲು ಬದಲಿಸುವುದಕ್ಕೆ, ಎಲ್ಲದಕ್ಕೂ ಅತ್ತೆ ನನ್ನನ್ನು ಕೂಗಬೇಕು. ಗದ್ದುಗೆಗೆ ಮಾತ್ರ ಯಾರನ್ನೂ ಕೂಗಬೇಕಾಗಿಲ್ಲ. ಅದನ್ನು ಒತ್ತುವಾಗ ಅವರ ಮುಖ ಬೇರೆಯೇ ಇರುತ್ತದೆ.

ಆವತ್ತು ವಿಜಯದಶಮಿ. ಹಿಂದಿನ ದಿನದ ಆಯುಧಪೂಜೆಯಲ್ಲಿ ನನ್ನ ಬೆನ್ನು ಹಿಡಿದುಕೊಂಡಿತ್ತು. ನಮ್ಮ ಯಜಮಾನರು ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಆಯುಧಪೂಜೆಯನ್ನು ಕಚೇರಿಯ ತಪಾಸಣೆಯಂತೆ ನಡೆಸುತ್ತಾರೆ. ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ನು, ಈಳಿಗೆಮಣೆ, ಸುತ್ತಿಗೆ ಎಲ್ಲವನ್ನೂ ಒರೆಸಿ ನಡುಮನೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಒರೆಸುವುದು ಅವರು, ಆ ಬಟ್ಟೆಗಳ ಎಣ್ಣೆ ಜಿಡ್ಡು ಬಿಡಿಸುವುದು ನಾನು. ಅತ್ತೆಯ ಲ್ಯಾಪ್‌ಟಾಪೂ ಮಧ್ಯಾಹ್ನ ಅವರ ಕೈಗೆ ಹೋಯಿತು. ಬಹಳ ಹೊತ್ತು ಅದರ ಮುಂದೆ ಕೂತಿದ್ದರು. ಸಂಜೆ ಅದರ ಮುಚ್ಚಳಕ್ಕೂ ವಿಭೂತಿ ಎಳೆದು, ಸೇವಂತಿಗೆ ಇಟ್ಟು, ಎಲ್ಲದರ ಮುಂದೆ ಕಲ್ಲುಸಕ್ಕರೆ, ಬಾಳೆಹಣ್ಣು ನೈವೇದ್ಯ ಮಾಡಿದೆವು. ಪೂಜೆಗೆ ಇಟ್ಟದ್ದನ್ನು ಮಾರನೆಯ ಬೆಳಿಗ್ಗೆಯವರೆಗೆ ಉಪಯೋಗಿಸುವ ಪದ್ಧತಿ ನಮ್ಮಲ್ಲಿಲ್ಲ. ಹಾಗಾಗಿ ರಾತ್ರಿ ಯಾರೂ ಅದನ್ನು ತೆರೆಯಲಿಲ್ಲ.

ಬೆಳಿಗ್ಗೆ ಎಂದಿನಂತೆ ಪೂಜೆ ಆಯಿತು, ಸೂಜಿ ಆಯಿತು. ನಾನು ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಇಟ್ಟು ಅಡುಗೆಮನೆಗೆ ಹೋದೆ. ಶಾವಿಗೆ ಉಪ್ಪಿಟ್ಟು ಕೆದಕುತ್ತಿದ್ದೆ. ದಿನವೂ ಅಷ್ಟು ಹೊತ್ತಿಗೆ ಕೇಳುವ ಗಂಟೆಯ ಸದ್ದು ಕೇಳಲಿಲ್ಲ.

"ಯವ್ವಾ, ಸ್ವಲ್ಪ ಬಾ ಇಲ್ಲಿ" ಎಂದು ಅತ್ತೆ ಕೂಗಿದರು.

ಬಾಣಲೆ ಇಳಿಸಿಟ್ಟು ಹೋಗಿ ನೋಡಿದರೆ ಅವರು ಬಿಂದಿಯ ಗುಂಡಿಯನ್ನು ಒತ್ತುತ್ತಲೇ ಇದ್ದರು. ಪರದೆಯ ಮೇಲೆ ಮಗಳು ಹಾಕಿಟ್ಟ ಬಿಲ್ವಪತ್ರೆಯ ಚಿತ್ರ ಹಾಗೆಯೇ ಇತ್ತು. ನಾನೂ ಒತ್ತಿದೆ. ಏನೂ ಆಗಲಿಲ್ಲ. ಆರಿಸಿ ಮತ್ತೆ ಹಚ್ಚಿದೆ. ಹಳೆಯ ಯಂತ್ರ, ಎಚ್ಚರಾಗುವುದಕ್ಕೇ ಅದಕ್ಕೆ ಹೊತ್ತು ಬೇಕು. ಎಚ್ಚರಾದ ಮೇಲೂ ಅದೇ ಬಿಲ್ವಪತ್ರೆ.

"ನಿನ್ನಿ ಪೂಜಿ ಮಾಡಿಸ್ಕೊಂಡು ಇವತ್ತ ಸೊಕ್ಕು ಬಂದೈತಿ ಅದಕ್ಕ" ಎಂದು ಅತ್ತೆ ನಕ್ಕರು.

ನನಗೆ ನಗು ಬರಲಿಲ್ಲ. ಸೂಜಿ ಆಗಲೇ ಒಳಗೆ ಹೋಗಿದೆ. ಒಳಗೆ ಹೋದ ಔಷಧಿ ಗದ್ದುಗೆಗೆ ಕಾಯುವುದಿಲ್ಲ, ತನ್ನ ಕೆಲಸ ತಾನು ಮಾಡುತ್ತದೆ. ಹೊಟ್ಟೆಗೆ ಏನೂ ಬೀಳದಿದ್ದರೆ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಹಿಂದೊಮ್ಮೆ ಹಾಗಾಗಿ ಅತ್ತೆ ಮಾತಿನ ಮಧ್ಯದಲ್ಲೇ ಕಣ್ಣು ಮೇಲೆ ಮಾಡಿದ್ದನ್ನು ನಾನು ನೋಡಿದ್ದೇನೆ.

"ಅತ್ತೆ, ಒಂದು ಲೋಟ ಹಾಲಾದ್ರೂ ಕುಡೀರಿ. ಆಮೇಲೆ ನೋಡೋರಂತೆ."

"ನೋಡ್ದ ಮ್ಯಾಲೆ ಕುಡೀತೀನವಾ. ಇನ್ನೂ ಹೊತ್ತೇನ್ ಆಗೈತಿ."

"ಲಿಂಗಪೂಜೆ ಆಯ್ತಲ್ಲ ಅತ್ತೆ. ಶಿವ ಅಂಗೈಲೇ ಇದಾನೆ ಅಂತ ನೀವೇ ಹೇಳ್ತೀರ."

"ಅಂಗೈಯಾಗ ಇರಾಂವಾ ನನ್ನ ಶಿವ. ಅಲ್ಲಿರೂದು ನನ್ನ ಊರು. ಎರಡಕ್ಕೂ ಬ್ಯಾರೆ ಬ್ಯಾರೆ ಮಾತು ಕೊಟ್ಟೀನಿ" ಎಂದರು.

ಯಜಮಾನರು ಸ್ನಾನ ಮುಗಿಸಿ ಬಂದರು. ವಿಷಯ ಹೇಳಿದೆ. "ಸರಿ ಇಡು, ನಾನು ನೋಡ್ತೀನಿ" ಎಂದು ಕನ್ನಡಕ ಹಾಕಿಕೊಂಡು ಕೂತರು. ಅದೇ ಲ್ಯಾಪ್‌ಟಾಪಿನಲ್ಲಿ ತಾವು ದಿನಾ ಪೇಪರು ಓದುವ ಬ್ರೌಸರ್ ತೆರೆದು ಮಠದ ಹೆಸರು ಬರೆದರು. ಅದೇ ಹೆಸರಿನ ಬೇರೆ ಊರಿನ ಮಠಗಳು ಬಂದವು, ಕಡೆಗೆ ನಮ್ಮ ಮಠದ್ದೇ ಒಂದು ವಿಡಿಯೋ ಬಂತು. ಗಂಟೆ ಬಾರಿಸಿತು. ನಾನು ನಿಟ್ಟುಸಿರುಬಿಟ್ಟೆ.

ಅತ್ತೆ ಮುಂದಕ್ಕೆ ಬಾಗಿ ನೋಡಿದರು. "ಇದು ಹ್ವಾದ ವರ್ಷದ್ದಪಾ. ಅಜ್ಜಾರು ಆಗ ದಪ್ಪ ಇದ್ರು." ಮಠದ ಈಗಿನ ಸ್ವಾಮಿಗಳನ್ನು ಅತ್ತೆ ಅಜ್ಜಾರು ಎನ್ನುತ್ತಾರೆ.

"ಗದ್ದುಗಿ ಅದ ಅಲ್ಲೇನವ್ವಾ? ಗದ್ದುಗಿ ದಪ್ಪ ಆಗ್ತದೇನು?" ಎಂದರು ಯಜಮಾನರು. ತಾಯಿಯ ಹತ್ತಿರ ಮಾತ್ರ ಅವರ ಬಾಯಿಗೆ ಊರಿನ ಮಾತು ಬರುತ್ತದೆ.

"ಹಳೇದು ನೋಡಿ ಉಣ್ಣಂಗಿದ್ರ ಗ್ವಾಡಿ ಮ್ಯಾಲಿನ ಫೋಟೋನ ಸಾಕಿತ್ತಲ್ಲೋ. ಇವತ್ತಿಂದು ತೋರ್ಸು."

ಯಜಮಾನರು ಎದ್ದು ನಿಂತರು. "ವಿಜಯನಗರಕ್ಕೆ ಹೋಗಿ ಯಾರಾದ್ರೂ ಕಂಪ್ಯೂಟರ್ ರಿಪೇರಿಯವರನ್ನ ಕರ್ಕೊಂಡು ಬರ್ತೀನಿ" ಎಂದು ಸ್ಕೂಟರಿನ ಬೀಗದಕೈ ಹುಡುಕತೊಡಗಿದರು.

"ಹಬ್ಬದ ದಿನ ಇಷ್ಟು ಹೊತ್ತಿಗೆ ಯಾರು ಅಂಗಡಿ ತೆಗೆದಿರ್ತಾರೆ? ಸುಮ್ನೆ ಕೂತ್ಕೊಳ್ಳಿ" ಎಂದು ನಾನು ಮಗಳಿಗೆ ಫೋನ್ ಮಾಡಿದೆ.

ಅವಳ ಮನೆಯಲ್ಲೂ ಹಬ್ಬ, ನೆಂಟರು. ಹಿಂದೆ ಕುಕ್ಕರು ಕೂಗುತ್ತಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿ, "ಎರರ್ ಏನಾದ್ರೂ ತೋರಿಸ್ತಾ ಇದ್ಯಾಮ್ಮ?" ಎಂದಳು.

"ಏನೂ ಇಲ್ಲ ಕಣೇ. ಒತ್ತಿದ್ರೆ ಕಿವುಡನ ಥರ ಸುಮ್ನಿದೆ."

"ನೆಟ್ ಇದ್ಯಾ?"

"ನಿಮ್ಮಪ್ಪ ಈಗ ತಾನೇ ಅದರಲ್ಲೇ ವಿಡಿಯೋ ಹಾಕಿದ್ರು."

"ಹಾಗಿದ್ರೆ ನೆಟ್ ಸರಿಯಾಗಿದೆ. ಏನಾದ್ರೂ ಚೇಂಜ್ ಮಾಡಿದ್ರಾ ಅದರಲ್ಲಿ?"

ನಾನು ಯಜಮಾನರ ಕಡೆ ನೋಡಿದೆ. "ನಾನೇನೂ ಚೇಂಜ್ ಮಾಡಿಲ್ಲಪ್ಪ" ಎಂದು ಅವರು ಫೋನಿಗೆ ಕೇಳುವಂತೆ ಹೇಳಿದರು.

ಮಠದ ಪುಟದ ಲಿಂಕನ್ನಾದರೂ ನನ್ನ ಫೋನಿಗೆ ಕಳಿಸು ಎಂದೆ. ಅದು ತನ್ನ ಹತ್ತಿರ ಇಲ್ಲ, ಮಠದವರೊಬ್ಬರು ಯಾವತ್ತೋ ಕೊಟ್ಟದ್ದು, ಆ ಸ್ಕ್ರಿಪ್ಟಿನೊಳಗೆ ಮಾತ್ರ ಇದೆ ಎಂದಳು. "ನೀನು ಒಂದೊಂದೇ ಅಕ್ಷರ ಓದಿ, ನಾನು ಬರ್ಕೊಂಡು, ಮಧ್ಯಾಹ್ನ ಆಗತ್ತೆ. ತಡಿ, ಅಮ್ಮ. ಅದು ಯಾಕೆ ತೆಗೀತಿಲ್ಲ ಅಂತ ಅದನ್ನೇ ಕೇಳೋಣ. ಕಪ್ಪು ಕಿಟಕಿ ಇರೋ ಐಕಾನ್ ಒತ್ತು."

ಅಷ್ಟರಲ್ಲಿ ಅತ್ತೆಯ ಕಡೆ ತಿರುಗಿದೆ. ಹಣೆಯ ವಿಭೂತಿಯ ಕೆಳಗೆ ಬೆವರು ಕೂತಿತ್ತು. ಫ್ಯಾನು ತಿರುಗುತ್ತಿತ್ತು, ಚಳಿಯ ಬೆಳಗು, ಬೆವರುವ ಕಾರಣವೇ ಇಲ್ಲ. ಕೈ ಹಿಡಿದೆ. ಬೆರಳುಗಳು ನಡುಗುತ್ತಿದ್ದವು.

"ಅತ್ತೆ, ತಲೆ ಸುತ್ತುತ್ತಾ?"

"ಸ್ವಲ್ಪ… ಏನಿಲ್ಲ… ನೀ ಅದನ್ನ ನೋಡು."

ಮಾತು ಎಳೆಯುತ್ತಿತ್ತು. ನನಗೆ ಕೈಕಾಲು ಆಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಕೈಕಾಲು ಆಡದೆ ನಿಲ್ಲುವಷ್ಟು ಬಿಡುವು ನನಗೆ ಯಾವತ್ತೂ ಸಿಕ್ಕಿಲ್ಲ. ಬಾಯಿ ಬಿಡಿಸಿ ಸಕ್ಕರೆ ನೀರು ಸುರಿದುಬಿಡಲೇ ಎಂದುಕೊಂಡೆ. ಪ್ರಜ್ಞೆ ಇರುವವರಿಗೆ, ಬೇಡ ಎನ್ನುತ್ತಿರುವವರಿಗೆ, ಹಾಗೆ ಮಾಡಿದರೆ ಮುಂದೆ ಅವರು ನನ್ನ ಕೈಯಿಂದ ಏನನ್ನಾದರೂ ನಂಬಿ ತೆಗೆದುಕೊಳ್ಳುತ್ತಾರೆಯೇ? ಆದರೆ ಕಾಯುವುದಂತೂ ಸಾಧ್ಯವಿರಲಿಲ್ಲ. ನಡುಮನೆಯಲ್ಲಿ ನಿನ್ನೆಯ ಪೂಜೆಯ ತಟ್ಟೆ ಇನ್ನೂ ಹಾಗೆಯೇ ಇತ್ತು. ಹೋಗಿ ಕಲ್ಲುಸಕ್ಕರೆಯನ್ನು ಬೊಗಸೆಯಲ್ಲಿ ತುಂಬಿಕೊಂಡು ಬಂದೆ.

"ಅತ್ತೆ, ಪ್ರಸಾದ ತಗೊಳ್ಳಿ."

ಅವರು ತಲೆ ಅಲ್ಲಾಡಿಸಿದರು.

"ಊಟ ಅಲ್ಲ ಇದು. ನಿನ್ನೆ ಶಿವನ ಹೆಸರಲ್ಲಿ ಈ ಲ್ಯಾಪ್‌ಟಾಪಿನ ಮುಂದೇನೇ ಇಟ್ಟಿದ್ದು. ನಿಮಗೆ ಕೊಡೋದು ಉಳಿದಿತ್ತು. ಪ್ರಸಾದ ಬೇಡ ಅನ್ನಬಾರದು ಅಂತ ನನಗೆ ಹೇಳಿಕೊಟ್ಟೋರು ನೀವೇ."

ಮದುವೆಯಾಗಿ ಬಂದ ಹೊಸತರಲ್ಲಿ, ಯಾರದೋ ಮನೆಯಲ್ಲಿ ಹೊಟ್ಟೆ ತುಂಬಿದೆ ಎಂದು ನಾನು ಪ್ರಸಾದ ಬಿಟ್ಟಾಗ ಅತ್ತೆ ಎಲ್ಲರ ಮುಂದೆ ಗದರಿಸಿದ್ದರು. ಬೇರೆ ಏನನ್ನು ಬೇಕಾದರೂ ಒಲ್ಲೆ ಎನ್ನು, ಪ್ರಸಾದವನ್ನು ಮಾತ್ರ ಒಲ್ಲೆ ಎನ್ನಬೇಡ ಎಂದು. ಈಗ ಅವರು ನನ್ನ ಬೊಗಸೆಯನ್ನೂ ಮುಖವನ್ನೂ ನೋಡಿದರು.

"ಭಾಳ ಶಾಣ್ಯಾಕಿ ಆಗೀ" ಎಂದು ನಿಧಾನವಾಗಿ ಹೇಳಿ ಬಾಯಿ ತೆರೆದರು.

ಒಂದೊಂದೇ ಹರಳು ಇಡುತ್ತಾ ಹೋದೆ. ಅವರು ಕಣ್ಣು ಮುಚ್ಚಿ ಚೀಪಿದರು. ಅಷ್ಟು ಹೊತ್ತೂ ಮಗಳು ಫೋನಿನಲ್ಲಿ, "ಅಮ್ಮ, ಅಜ್ಜಿ ಹೇಗಿದಾರೆ? ಆಂಬುಲೆನ್ಸ್ ಕರೀಬೇಕಾ?" ಎನ್ನುತ್ತಿದ್ದಳು. ಯಜಮಾನರು ಗ್ಲುಕೋಮೀಟರು ತಂದು ಬೆರಳು ಚುಚ್ಚಿದರು. ಸಕ್ಕರೆ ಇಳಿದಿತ್ತು, ಆದರೆ ಭಯಪಡುವಷ್ಟು ಇನ್ನೂ ಇಳಿದಿರಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳಿನ ನಡುಕ ಕಡಿಮೆಯಾಯಿತು. ಹಣೆಯ ಬೆವರನ್ನು ಸೆರಗಿನಿಂದ ಒರೆಸಿದೆ. ಕಲ್ಲುಸಕ್ಕರೆ ಕೊಟ್ಟದ್ದು ಸ್ವಲ್ಪ ಸಮಯವನ್ನಷ್ಟೇ. ತಿಂಡಿ ಒಳಗೆ ಹೋಗಲೇಬೇಕು. ಅದಕ್ಕೆ ಗದ್ದುಗೆ ಬರಲೇಬೇಕು.

ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತೆ. ಕಪ್ಪು ಕಿಟಕಿ ತೆರೆಯಿತು. ಮಗಳು ಹೇಳಿದ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಹೊಡೆದೆ. ಹೀಗೆ ನೇರವಾಗಿ ಕರೆದರೆ, ಗುಂಡಿ ಒತ್ತಿದಾಗ ನುಂಗಿಕೊಳ್ಳುವ ಮಾತನ್ನು ಅದು ಬಾಯಿಬಿಟ್ಟು ಹೇಳುತ್ತದಂತೆ. ಹೇಳಿತು. ಇಂಗ್ಲಿಷಿನಲ್ಲಿ ಒಂದೇ ಸಾಲು. ನಾನು ಪಿಯುಸಿ ಓದಿದವಳು, ನಿಧಾನವಾಗಿ ಓದಿದರೆ ಅರ್ಥವಾಗುತ್ತದೆ. ಪುಟ ತೆರೆಯಲು ಬ್ರೌಸರೇ ಸಿಗುತ್ತಿಲ್ಲ ಎಂದು ಅದು ಹೇಳುತ್ತಿತ್ತು.

"ಬ್ರೌಸರ್ ಸಿಗ್ತಿಲ್ವಾ?" ಮಗಳ ಧ್ವನಿ ಬದಲಾಯಿತು. "ಅಪ್ಪಾ, ನಿನ್ನೆ ನೀವು ಇದರಿಂದ ಏನಾದ್ರೂ ತೆಗೆದ್ರಾ?"

"ಚೇಂಜ್ ಏನೂ ಮಾಡಿಲ್ಲಮ್ಮ. ಕ್ಲೀನ್ ಮಾಡಿದೆ."

"ಕ್ಲೀನ್ ಅಂದ್ರೆ?"

"ಆಯುಧಪೂಜೆಗೆ ಇಡೋದು ಒಳಗೂ ಹೊರಗೂ ಶುದ್ಧ ಇರಬೇಕಲ್ವಾ? ಹೊರಗೆ ಒರೆಸಿದೆ. ಒಳಗೆ ಬೇಡದ್ದೆಲ್ಲ ತೆಗೆದೆ. ಬ್ರೌಸರ್ ಎರಡೆರಡು ಇತ್ತು. ಒಂದು ತೆಗೆದೆ."

"ಯಾವುದು ತೆಗೆದ್ರಿ ಅಪ್ಪ?"

"ನಾನು ಉಪಯೋಗಿಸದೇ ಇರೋದು."

ಮಗಳು ನನಗೆ ಬಿಡಿಸಿ ಹೇಳಿದಳು. ತನ್ನ ಸ್ಕ್ರಿಪ್ಟು ಯಾವ ಬ್ರೌಸರಿನ ಹೆಸರನ್ನೂ ಹೇಳುವುದಿಲ್ಲ. ಈ ಮನೆಯಲ್ಲಿ ಮಾಮೂಲಿಯಾಗಿ ಯಾರು ತೆಗೆಯುತ್ತಾರೋ ಅವರಿಂದ ತೆಗೆಸು ಎನ್ನುತ್ತದೆ. ಯಂತ್ರದ ನೆನಪಿನಲ್ಲಿ ಆ ಮಾಮೂಲಿಯವರು ಇನ್ನೂ ಹಳೆಯವರೇ. ಅವರನ್ನು ಅಪ್ಪ ನಿನ್ನೆ ಹೊರಗೆ ಹಾಕಿದ್ದಾರೆ. ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರೂ ಯಂತ್ರ ಅವರನ್ನು ಕೇಳುವುದಿಲ್ಲ.

ನನಗೆ ಅದು ಚೆನ್ನಾಗಿ ಅರ್ಥವಾಯಿತು. ನಮ್ಮ ಮಹಡಿಯ ಬಾಡಿಗೆ ಮನೆಯವರು ಖಾಲಿ ಮಾಡಿ ಹೋದ ಮೇಲೂ ಅವರ ಕೊರಿಯರು ಬರುತ್ತಲೇ ಇತ್ತು. ತಂದವನು ಮೆಟ್ಟಿಲು ಹತ್ತಿ ಹೋಗಿ, ಬೀಗ ನೋಡಿ, ಕೆಳಗೆ ಬಾಗಿಲಲ್ಲೇ ನಿಂತಿರುವ ನನ್ನನ್ನು ಒಂದು ಮಾತೂ ಕೇಳದೆ ವಾಪಸ್ ಹೋಗುತ್ತಿದ್ದ.

"ಈಗೇನು ಮಾಡ್ಲಿ?"

"ಸೆಟ್ಟಿಂಗ್ಸ್‌ಗೆ ಹೋಗಮ್ಮ. ಡೀಫಾಲ್ಟ್ ಅಂತ ಇರತ್ತೆ ನೋಡು. ಅಲ್ಲಿ ವೆಬ್ ಅನ್ನೋದರ ಎದುರು ಏನಿದೆ?"

"ಏನೂ ಇಲ್ಲ. ಖಾಲಿ ಇದೆ."

"ಅದನ್ನ ಒತ್ತು. ಅಪ್ಪನ ಬ್ರೌಸರ್ ಹೆಸರು ಬರತ್ತೆ. ಅದನ್ನ ಆರಿಸು."

ಅದನ್ನು ಹುಡುಕುವಷ್ಟರಲ್ಲಿ ಎಲ್ಲೆಲ್ಲಿಗೋ ಹೋದೆ. ಒಂದು ಸಲ ಪರದೆಯ ಬಣ್ಣ ಬದಲಾಯಿತು, ಒಂದು ಸಲ ಅಕ್ಷರಗಳೆಲ್ಲ ದೊಡ್ಡದಾದವು. ಯಜಮಾನರು ಹಿಂದಿನಿಂದ, "ಎಡಗಡೆ, ಎಡಗಡೆ" ಎನ್ನುತ್ತಿದ್ದರು. "ನಿಮ್ಮ ಕ್ಲೀನಿಂಗ್ ನಿನ್ನೆಗೇ ಮುಗೀತು, ಈಗ ಹೋಗಿ ಹಾಲು ಬಿಸಿಗಿಡಿ" ಎಂದೆ. ಪಾಪ, ಹೋದರು. ಹೆಸರು ಸಿಕ್ಕಿತು. ಆರಿಸಿದೆ. ಕಿಟಕಿಗಳನ್ನೆಲ್ಲ ಮುಚ್ಚಿ ಬಿಲ್ವಪತ್ರೆಗೆ ಬಂದೆ.

ನಾನೇ ಗುಂಡಿ ಒತ್ತಬಹುದಿತ್ತು. ಒತ್ತಲಿಲ್ಲ. ಅತ್ತೆಯ ಬೆರಳನ್ನು ಹಿಡಿದು ಬಿಂದಿಯ ಹತ್ತಿರ ತಂದು ಬಿಟ್ಟೆ. ಅವರು ಒತ್ತಿದರು.

ಚಕ್ರ ತಿರುಗಿತು. ಬಿಳಿ ಪುಟ ಬಂತು. ಆಮೇಲೆ ಗದ್ದುಗೆ ಬಂತು.

ಮಂಗಳಾರತಿ ಎಂದೋ ಮುಗಿದಿತ್ತು. ಅಜ್ಜಾರು ಇರಲಿಲ್ಲ, ಭಕ್ತರೂ ಇರಲಿಲ್ಲ. ಯಾರೋ ಒಬ್ಬ ಲುಂಗಿ ಎತ್ತಿ ಕಟ್ಟಿಕೊಂಡು ನಮಗೆ ಬೆನ್ನು ಹಾಕಿ ನೆಲ ಒರೆಸುತ್ತಿದ್ದ. ಅವನ ಬೆನ್ನೇ ಅರ್ಧ ಪರದೆ ತುಂಬಿತ್ತು. ಇದನ್ನು ಅತ್ತೆ ದರ್ಶನವೆಂದು ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಗೊತ್ತಿಲ್ಲ.

"ಸ್ವಲ್ಪ ಸರಿಯಪಾ ತಮ್ಮಾ" ಎಂದು ಅತ್ತೆ ಅವನಿಗೆ ಹೇಳಿದರು.

ಅವನು ಬಕೆಟ್ಟು ಎಳೆದುಕೊಂಡು ಆ ಕಡೆ ಸರಿದ. ಗದ್ದುಗೆಯ ಮೇಲಿನ ಕಾವಿ ಬಟ್ಟೆ, ಹೂವು, ಇನ್ನೂ ಉರಿಯುತ್ತಿದ್ದ ದೀಪ ಕಂಡವು. ಅತ್ತೆ ಎರಡೂ ಕೈ ಜೋಡಿಸಿ ಬಹಳ ಹೊತ್ತು ನೋಡಿದರು. ತುಟಿ ಅಲ್ಲಾಡುತ್ತಿತ್ತು. ನಾನು ಹಾಲಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರಾಗಿಯೇ ಕೈ ಚಾಚಿದರು.

"ಗದ್ದಲ ಇಲ್ದಾಗ ಛಲೋ ಕಾಣ್ತೈತಿ" ಎಂದು ಹಾಲು ಕುಡಿದರು.

ಶಾವಿಗೆ ತಂದೆ. ಅದು ಆರಿ ಗಟ್ಟಿಯಾಗಿತ್ತು. ಉಪ್ಪು ಕಡಿಮೆ ಎಂದರು, ಈರುಳ್ಳಿ ಹಸಿಯಾಗಿದೆ ಎಂದರು, ಪೂರ್ತಿ ತಿಂದರು. ಪ್ರತಿ ತುತ್ತೂ ಗಂಟಲಿನಲ್ಲಿ ಇಳಿಯುವುದನ್ನು ನಾನು ನೋಡುತ್ತಾ ಕೂತಿದ್ದೆ. ಯಜಮಾನರು ಬಾಗಿಲಲ್ಲಿ ನಿಂತು, "ಮುಂದಿನ ವರ್ಷ ಹೊರಗಡೆ ಮಾತ್ರ ಒರೆಸ್ತೀನಿ" ಎಂದರು. ನಾನು ಜಗಳಕ್ಕೆ ಹೋಗಲಿಲ್ಲ, ಶಕ್ತಿಯೂ ಇರಲಿಲ್ಲ. ಅವರ ಮುಖ ನೋಡಿದರೆ ತಮ್ಮನ್ನು ತಾವೇ ಸಾಕಷ್ಟು ಬೈದುಕೊಂಡ ಹಾಗಿತ್ತು. ತಾಯಿಗೆ ಒಳ್ಳೆಯದಾಗಲಿ ಎಂದೇ ಅವರು ಅದನ್ನು ಒಳಗೂ ಹೊರಗೂ ಒರೆಸಿದ್ದು.

ಫೋನಿನಲ್ಲಿ ಮಗಳು ಇನ್ನೂ ಇದ್ದಳು. "ತಿಂದ್ರಾ?" ಎಂದಳು. "ತಿಂದ್ರು" ಎಂದೆ. "ಸರಿ ಅಮ್ಮ, ಇಡ್ತೀನಿ" ಎಂದಳು. ಅವಳ ಧ್ವನಿಯಲ್ಲಿ ನನ್ನದೇ ದಣಿವು ಕೇಳಿಸಿತು. ಅವಳ ಒಲೆಯ ಮೇಲೆ ಏನು ಸೀದಿತ್ತೋ, ನೆಂಟರ ಮುಂದೆ ಅಷ್ಟು ಹೊತ್ತು ಫೋನು ಹಿಡಿದಿದ್ದಕ್ಕೆ ಯಾರೇನಂದರೋ, ಹೇಳಲಿಲ್ಲ.

ತಟ್ಟೆ ತೆಗೆಯುವಾಗ ಅತ್ತೆಗೆ ಹೇಳಿದೆ. "ಅತ್ತೆ, ನಾಳೆಯಿಂದ ಮೊದಲು ಗದ್ದುಗೆ. ಅದು ಕಂಡ ಮೇಲೆ ಸೂಜಿ. ಅಲ್ಲಿಯವರೆಗೆ ಸೂಜಿ ಮುಟ್ಟಲ್ಲ ನಾನು."

"ಪೂಜಿ ನಡಕ ಸೂಜಿ ಚುಚ್ಚತೀಯೇನ? ಮಂಗಳಾರತಿ ಹೊತ್ತಿನಾಗ ಸೀರಿ ಸರಿಸಂತಿ?"

"ಗದ್ದುಗೆ ಕಂಡ ತಕ್ಷಣ ಚುಚ್ತೀನಿ. ಮಂಗಳಾರತಿಗೆ ಇನ್ನೂ ಹೊತ್ತಿರುತ್ತೆ. ಪರದೆ ಆ ಕಡೆ ತಿರುಗಿಸಿ ಚುಚ್ತೀನಿ, ಮತ್ತೆ ಈ ಕಡೆ ತಿರುಗಿಸ್ತೀನಿ."

ಅವರು ಯೋಚಿಸಿದರು. "ತಿರಗಿಸೂದು ಬ್ಯಾಡ. ಅದರ ಮ್ಯಾಲೆ ಬಟ್ಟಿ ಮುಚ್ಚು" ಎಂದರು.

ಒಪ್ಪಿದ್ದೇ ದೊಡ್ಡದು. ಬಟ್ಟೆ ಮುಚ್ಚುವುದು ಒಂದು ಕೆಲಸ ಹೆಚ್ಚು, ಆಗಲಿ. ಅತ್ತೆ ಕಣ್ಣು ಮುಚ್ಚಿ ದಿಂಬಿಗೆ ಒರಗಿದರು. ಉಸಿರು ಸಮವಾಗಿತ್ತು, ಕೈ ಬೆಚ್ಚಗಿತ್ತು. ನಾನು ಅವರ ಮಂಚದ ಕೆಳಗೆ ನೆಲದ ಮೇಲೆಯೇ ಕೂತು, ಬಾಣಲೆಯಲ್ಲಿ ಉಳಿದಿದ್ದ ಆರಿದ ಶಾವಿಗೆಯನ್ನು ತಿನ್ನತೊಡಗಿದೆ. ಉಪ್ಪು ನಿಜವಾಗಿಯೂ ಕಡಿಮೆಯಾಗಿತ್ತು.